ಹುಡುಗರ ಟೀಶರ್ಟ್ ಮೇಲೆ ಒತ್ತಕ್ಷರ ಉಳಿಸಿದ ಕೆಲಸ

ಹುಬ್ಬಳ್ಳಿಯಲ್ಲಿ ಟೀಶರ್ಟ್, ಮಗ್ ಛಾಪಿಸಿಕೊಡುವ ಅಂಗಡಿಯೊಂದರ ಆನ್‌ಲೈನ್ ಡಿಸೈನ್ ಪುಟವನ್ನು ನಾನು ನೋಡಿಕೊಳ್ಳುತ್ತೇನೆ. ಗಣಪತಿ ಹಬ್ಬ, ರಾಜ್ಯೋತ್ಸವ ಹತ್ತಿರ ಬಂದವೆಂದರೆ ಆರ್ಡರ್ ಜೋರು. ಆದರೆ ಎಷ್ಟೋ ಜನ ಪುಟ ತೆರೆದು, ಅಲ್ಲಿಲ್ಲಿ ಒತ್ತಿ ನೋಡಿ, ಕೊನೆಗೆ "ನೀವ ಮಾಡಿಬಿಡ್ರಿ ಅಣ್ಣಾರ" ಅಂತ ವಾಟ್ಸಾಪ್‌ನಲ್ಲಿ ಫೋಟೊ ಹಾಕುತ್ತಿದ್ದರು.

ಕಾರಣ ಹುಡುಕಲು ಅಂಗಡಿಯ ಕೌಂಟರ್ ಬದಿಗೇ ಕೂತೆ. ಬಂದವರ ಮೊಬೈಲ್‌ನಲ್ಲೇ ಪುಟ ತೆರೆಸುವುದು, ಬಾಯಿ ಬಿಡದೆ ನೋಡುವುದು. ಐದು ಜನರನ್ನು ನೋಡಿದರೂ ಬಹುಪಾಲು ತೊಡಕು ಗೊತ್ತಾಗುತ್ತವೆ ಎಂದು ವೆಬ್ ಪುಟಗಳ ಬಳಕೆ ಸುಲಭವಾಗಿಸುವ ವಿಷಯದ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದಿದ್ದರು; ನನಗೂ ಹಾಗೇ ಆಯಿತು. ಸುಮ್ಮನೆ ಕೂಡುವುದೇ ಕಷ್ಟದ ಭಾಗ, ಬೆರಳು ತಾನಾಗಿ ಅವರ ಸ್ಕ್ರೀನ್ ಕಡೆ ಹೋಗುತ್ತದೆ.

ಖಾಲಿ ಅಂಗಿ ಕಂಡೊಡನೆ ಜನ ನಿಂತುಬಿಡುತ್ತಿದ್ದರು. ಕಬಡ್ಡಿ ತಂಡದ ಹುಡುಗನಿಗೆ ಡಿಸೈನ್ ಮಾಡುವ ಉಮೇದಿ ಎಲ್ಲಿಂದ ಬರಬೇಕು? ಅವನಿಗೆ ಬೇಕಾದದ್ದು ಜರ್ಸಿ. ಈಗ ಮೊದಲು ತಯಾರಿ ಮಾದರಿಗಳು, ಪಕ್ಕದಲ್ಲೇ ರೇಟು. ಹೆಸರು, ನಂಬರು, ಸೈಜು ಇರುವ ಪಟ್ಟಿಯನ್ನು ವಾಟ್ಸಾಪ್‌ನಿಂದ ಹಾಗೇ ತಂದು ಅಂಟಿಸಿದರೆ ಒಬ್ಬೊಬ್ಬರ ಜರ್ಸಿ ತಾನೇ ಸಿದ್ಧವಾಗುತ್ತದೆ.

ನನ್ನ ತಲೆ ತಿಂದದ್ದು ಕನ್ನಡ. ಎದೆಯ ಮೇಲೆ ಊರಿನ ಹೆಸರು ಕಮಾನಿನಂತೆ ಬಾಗಿ ಬರಬೇಕು, ಎಲ್ಲ ಮಂಡಳಿಗಳದೂ ಅದೇ ಬೇಡಿಕೆ. ಬಾಗಿಸಲು ಸಾಫ್ಟ್‌ವೇರ್ ಪದವನ್ನು ತುಂಡು ಮಾಡಿ ಒಂದೊಂದನ್ನೇ ತಿರುಗಿಸಿ ಕೂರಿಸುತ್ತದೆ. ಇಂಗ್ಲಿಷಿಗೆ ಅಡ್ಡಿಯಿಲ್ಲ. 'ಹುಬ್ಬಳ್ಳಿ'ಯಲ್ಲಿ ಯೂನಿಕೋಡ್ ಸಂಕೇತಗಳು (ಕಂಪ್ಯೂಟರ್ ಅಕ್ಷರ ಗುರುತಿಸುವ ಸಂಖ್ಯೆಗಳು) 9. ಹಾಗೇ ಒಡೆದರೆ ಕೊಂಬು ಒಂದು ಕಡೆ, ಒತ್ತು ಒಂದು ಕಡೆ. ಬ್ರೌಸರ್‌ನ ಅಕ್ಷರ ವಿಭಜಕಕ್ಕೆ ಕೊಟ್ಟೆ: 'ಹು', 'ಬ್', 'ಬ', 'ಳ್', 'ಳಿ' ಎಂದು 5 ತುಂಡು ಬಂದವು. ನಮಗೆ ಬೇಕಾದದ್ದು 3. ಕೊನೆಗೆ ನಾನೇ ಒಂದು ನಿಯಮ ಸೇರಿಸಿದೆ: ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆಯಾದ (್) ಮೇಲೆ ವ್ಯಂಜನ ಬಂದರೆ ಎರಡನ್ನೂ ಬೇರ್ಪಡಿಸಬೇಡ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಬಟನ್ನಿಗೂ ಇದೇ ನಿಯಮ ಹಾಕಿದೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆಯೂ ಜಾಗ ಜಾಸ್ತಿ ಬಿಡಬೇಕಾಯಿತು. ಡಿಟಿಪಿ ಮಾಡಿಸಿದವರು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದನ್ನು ತಂದು ಅಂಟಿಸಿದಾಗ ಬರೀ ಇಂಗ್ಲಿಷ್ ಚಿಹ್ನೆಗಳು ಕಾಣುತ್ತಿದ್ದವು, ಅಂಥದ್ದು ಬಂದರೆ ಯೂನಿಕೋಡಿಗೆ ಬದಲಿಸಿ ತೋರಿಸಿ, "ಇದು ಸರಿ ಐತೇನ್ರಿ?" ಎಂದು ಪುಟವೇ ಕೇಳುತ್ತದೆ.

ಫೋಟೊದ ವಿಷಯದಲ್ಲಿ 'ಡಿಪಿಐ ಕಡಿಮೆ' ಎಂಬ ಎಚ್ಚರಿಕೆಯನ್ನು ಯಾರೂ ಓದುತ್ತಿರಲಿಲ್ಲ. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಬರುವ ಚುಕ್ಕಿಗಳ ಲೆಕ್ಕ; 10 ಇಂಚು ಅಗಲಕ್ಕೆ 150 ಡಿಪಿಐ ಎಂದರೂ 1500 ಪಿಕ್ಸೆಲ್ ಬೇಕು. ಈಗ ಲೆಕ್ಕ ಒಳಗೇ ನಡೆಯುತ್ತದೆ, ಹೊರಗೆ "ಇಷ್ಟು ದೊಡ್ಡದು ಮಾಡಿದರೆ ಮಸುಕು ಬರುತ್ತದೆ" ಎಂಬ ಒಂದೇ ಸಾಲು.

ಮಗ್ಗಿನದು ಬೇರೆ ತಕರಾರು. ಚಪ್ಪಟೆ ಹಾಳೆಯ ನಡುವೆ ಇಟ್ಟ ಫೋಟೊ ಹಿಡಿಕೆಯ ಎದುರು ಬದಿಗೆ ಹೋಗುತ್ತದೆ, ಕುಡಿಯುವವರಿಗೆ ನೆಟ್ಟಗೆ ಕಾಣುವುದಿಲ್ಲ. ತಿರುಗುವ ಮೂರು ಆಯಾಮದ ಚಿತ್ರ ಹಾಕಿದ್ದೆ, ಅಗ್ಗದ ಫೋನುಗಳಲ್ಲಿ ತಡವರಿಸಿತು, ತೆಗೆದೆ. ಈಗ ಎಡ, ಬಲ, ಎದುರು ಎಂದು ಮೂರು ಸಾದಾ ಚಿತ್ರ, ಹಾಳೆಯ ಎರಡೂ ಅಂಚಿಗೆ 'ಹಿಡಿಕೆ ಇಲ್ಲಿ' ಎಂಬ ಗುರುತು. ಮಗ್ಗಿನ ಬಗ್ಗೆ ಬರುವ ಫೋನು ಈಗ ಹೆಚ್ಚಾಗಿ ಬಣ್ಣದ್ದೇ.