ಮೈಮೇಲೆ ಒಯ್ಯುವ ಕೈಬಂದೂಕು: ನಂಬುವ ಮೊದಲು ಏನೇನು ನೋಡಬೇಕು

ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುತ್ತಿರುವ ಪಿಸ್ತೂಲು ನಂಬಿಕಸ್ಥವೇ ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ಒಂದೇ: ಇನ್ನೂ ಗೊತ್ತಿಲ್ಲ. ಅದು ಒಳ್ಳೆಯ ಹೆಸರಿರುವ ಕಾರ್ಖಾನೆಯಿಂದ ಬಂದಿರಬಹುದು, ಅಷ್ಟೇ. ನಂಬಿಕೆ ಸಲ್ಲುವುದು ಬಂದೂಕು, ಅದರ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ), ತುಂಬುವ ಕಾಡತೂಸು, ಇಡುವ ಹೋಲ್‌ಸ್ಟರ್, ಹಿಡಿಯುವ ಕೈ ಈ ಐದೂ ಸೇರಿದ ಜೋಡಣೆಗೆ. ಒಂದು ಬದಲಾದರೂ ಪರೀಕ್ಷೆ ಮತ್ತೆ ಶುರು ಮಾಡಬೇಕು.

ಕೊಳ್ಳುವ ಮೊದಲು ಕಾನೂನು ಓದಿಕೊಳ್ಳಿ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ಅದನ್ನು ಬಟ್ಟೆಯ ಮರೆಯಲ್ಲಿ ಹೊತ್ತು ತಿರುಗುವ ಅನುಮತಿ ಬೇರೆ. ಹಲವು ಕಡೆ ಎರಡನೆಯದು ಸಿಗುವುದೇ ಇಲ್ಲ. 9×19 ಮಿ.ಮೀ. ಕಾಡತೂಸನ್ನು ಸೇನೆ ಮತ್ತು ಪೊಲೀಸರಿಗೆ ಮೀಸಲಿಟ್ಟ ದೇಶಗಳಿವೆ. ಮ್ಯಾಗಜಿನ್ನಿನಲ್ಲಿ ಎಷ್ಟು ಗುಂಡು ಇರಬಹುದು, ತುದಿ ಅರಳುವ ಗುಂಡು ಬಳಸಬಹುದೇ ಎಂಬುದಕ್ಕೂ ಮಿತಿಗಳಿರುತ್ತವೆ. ಮುಂದಿನ ಎಲ್ಲ ಮಾತೂ ಆ ಮಿತಿಯೊಳಗಿನದು.

ರಿವಾಲ್ವರೋ, ಪಿಸ್ತೂಲೋ

ರಿವಾಲ್ವರ್ ಎಂದೂ ಕೆಟ್ಟು ನಿಲ್ಲುವುದಿಲ್ಲ ಎಂಬ ಮಾತು ಅರ್ಧ ನಿಜ. ಗುಂಡು ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಸಿಲಿಂಡರ್ ತಿರುಗಿ ಮುಂದಿನದು ಬರುತ್ತದೆ. ಸಡಿಲವಾಗಿ ಹಿಡಿದರೂ ನಡೆಯುತ್ತದೆ, ಮ್ಯಾಗಜಿನ್ನಿನ ಗೋಜಿಲ್ಲ. ಆದರೆ ಅದು ನಿಂತಾಗ ಅಲ್ಲೇ ಸರಿಮಾಡುವುದು ಕಷ್ಟ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸುಗಳನ್ನು (ಕಾಡತೂಸಿನ ಲೋಹದ ಕವಚ) ಹೊರದೂಡುವ ನಕ್ಷತ್ರಾಕಾರದ ಬಿಲ್ಲೆಯ ಕೆಳಗೆ ಸುಡದ ಮದ್ದಿನ ಒಂದು ಕಣ ಸಿಕ್ಕಿದರೂ ಸಾಕು, ಸಿಲಿಂಡರ್ ಮುಚ್ಚುವುದಿಲ್ಲ, ಇಲ್ಲವೇ ಬಿಗಿದು ತಿರುಗುತ್ತದೆ. ತೀರ ಹಗುರವಾದ ರಿವಾಲ್ವರಿನಲ್ಲಿ ಹಿನ್ನೊದೆತಕ್ಕೆ ಉಳಿದ ಕಾಡತೂಸುಗಳ ಗುಂಡುಗಳು ಕೇಸಿನಿಂದ ಮುಂದಕ್ಕೆ ಜಾರಿ, ಸಿಲಿಂಡರಿನ ಮುಂದೆ ಚಾಚಿಕೊಂಡು, ತಿರುಗುವಿಕೆಯನ್ನೇ ತಡೆಯುವುದುಂಟು. ಜೊತೆಗೆ ಡಬಲ್ ಆ್ಯಕ್ಷನ್ ಟ್ರಿಗರಿನ (ಒಂದೇ ಎಳೆತದಲ್ಲಿ ಹ್ಯಾಮರನ್ನು ಹಿಂದೆಳೆದು ಬಿಡುವಂಥದ್ದು) ಎಳೆತ ಸುಮಾರು 5 ಕೆ.ಜಿ.ಯಷ್ಟಿರುತ್ತದೆ. ಅಭ್ಯಾಸವಿಲ್ಲದ ಬೆರಳು ಎಳೆಯುವಷ್ಟರಲ್ಲಿ ನಳಿಕೆ ಗುರಿಯಿಂದ ಸರಿದಿರುತ್ತದೆ. ಸ್ಮಿತ್ ಅಂಡ್ ವೆಸನ್‌ನ 642ರಂಥ ಐದು ಗುಂಡಿನ .38 ಸ್ಪೆಷಲ್ ರಿವಾಲ್ವರ್ ಸುಮಾರು 400 ಗ್ರಾಂ ತೂಗುತ್ತದೆ, ಜೇಬಿಗೂ ಒಗ್ಗುತ್ತದೆ. ಆದರೆ ಅದನ್ನು ಚೆನ್ನಾಗಿ ಹಾರಿಸುವುದು ನುರಿತವರ ಕೆಲಸ. ಹೊಸಬರಿಗೆ ಅದನ್ನೇ ಮೊದಲು ಕೊಡಿಸುವುದು ತಪ್ಪು ಸಲಹೆ.

ಇಂದು ಮೈಮೇಲೆ ಒಯ್ಯುವವರಲ್ಲಿ ಬಹುಮಂದಿ ಆರಿಸುವುದು ಸ್ಟ್ರೈಕರ್ ಬಗೆಯ ಪಿಸ್ತೂಲನ್ನು; ಇದರಲ್ಲಿ ಹ್ಯಾಮರ್ ಬದಲು ಸ್ಪ್ರಿಂಗಿನಿಂದ ಚಿಮ್ಮುವ ಒಳಗಿನ ಪಿನ್ (ಸ್ಟ್ರೈಕರ್) ಕಾಡತೂಸಿಗೆ ಹೊಡೆಯುತ್ತದೆ. 1988ರಲ್ಲಿ ಬಂದ ಗ್ಲಾಕ್ 19 (15 ಗುಂಡು) ಈ ಗಾತ್ರದ ಅಳತೆಗೋಲಾಗಿ ಉಳಿದಿದೆ. 2018ರಲ್ಲಿ ಬಂದ ಸಿಗ್ ಪಿ365 ಅದಕ್ಕಿಂತ ಬಹಳ ಚಿಕ್ಕ ಮೈಯಲ್ಲಿ 10 ಗುಂಡು ಹಿಡಿಸಿತು. ಈ ಬಗೆಯಲ್ಲಿ ಟ್ರಿಗರ್ ಪ್ರತಿ ಸಲವೂ ಒಂದೇ ರೀತಿ, ಸಾಮಾನ್ಯವಾಗಿ 2.5 ಕೆ.ಜಿ. ಆಸುಪಾಸಿನ ಎಳೆತ ಕೇಳುತ್ತದೆ. ಅದೇ ಅದರ ಗುಣ, ಅದೇ ಅದರ ಅಪಾಯ. ಬೆರಳಾಗಲಿ ಅಂಗಿಯ ಅಂಚಾಗಲಿ ಟ್ರಿಗರ್ ಮೇಲೆ ಬಿದ್ದರೆ ತಡೆಯುವುದು ಹೆಚ್ಚೇನೂ ಇರುವುದಿಲ್ಲ.

ಚಿಕ್ಕದಾದಷ್ಟೂ ಹಟಮಾರಿ

ಗಾತ್ರ ಕುಗ್ಗಿಸಿದಾಗ ಏನಾಗುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಲೋಹದ ಭಾಗ) ಹಗುರವಾಗುತ್ತದೆ, ಅದು ಹಿಂದೆ ಸರಿಯುವ ದೂರ ಕಡಿಮೆಯಾಗುತ್ತದೆ. ಅದನ್ನು ತಡೆದು ಮರಳಿಸಲು ಬಿರುಸಾದ ಸ್ಪ್ರಿಂಗ್ ಬೇಕು. ಸ್ಲೈಡ್ ವೇಗವಾಗಿ ಓಡುವುದರಿಂದ ಮ್ಯಾಗಜಿನ್ನಿನ ಸ್ಪ್ರಿಂಗಿಗೆ ಮುಂದಿನ ಕಾಡತೂಸನ್ನು ಮೇಲೆತ್ತಲು ಸಿಗುವ ಸಮಯ ಕಿರಿದಾಗುತ್ತದೆ. ಹೀಗಾಗಿ ದೊಡ್ಡ ಪಿಸ್ತೂಲು ಕ್ಷಮಿಸುವ ತಪ್ಪುಗಳನ್ನು (ಸಡಿಲ ಹಿಡಿತ, ಒಣಗಿದ ಎಣ್ಣೆ, ಬಲ ಕಡಿಮೆಯಿರುವ ಕಾಡತೂಸು) ಚಿಕ್ಕದು ಕ್ಷಮಿಸುವುದಿಲ್ಲ. ಸ್ಪ್ರಿಂಗ್ ಕೂಡ ಬೇಗ ದಣಿಯುತ್ತದೆ.

ನಮ್ಮ ಸಲಹೆ ಇಷ್ಟು: ನಿಮ್ಮ ದಿನನಿತ್ಯದ ಬಟ್ಟೆಯಲ್ಲಿ ಮರೆಯಾಗುವ ಪಿಸ್ತೂಲುಗಳಲ್ಲಿ ಅತಿ ದೊಡ್ಡದನ್ನು ಕೊಳ್ಳಿ, ಅತಿ ಚಿಕ್ಕದನ್ನಲ್ಲ. ಬಟ್ಟೆಯ ಮೇಲೆ ಎದ್ದು ಕಾಣುವುದು ಸಾಮಾನ್ಯವಾಗಿ ಹಿಡಿ, ನಳಿಕೆಯಲ್ಲ. ನಳಿಕೆ ಎರಡು ಸೆಂಟಿಮೀಟರ್ ಉದ್ದವಾದರೂ ಸೊಂಟದೊಳಗೆ ಇಳಿದುಹೋಗುತ್ತದೆ. ಹಿಡಿ ಅಷ್ಟೇ ಉದ್ದವಾದರೆ ಅಂಗಿ ಉಬ್ಬುತ್ತದೆ.

ಕಾಡತೂಸಿನ ಬಗ್ಗೆ ಹೆಚ್ಚು ಚರ್ಚೆ ಬೇಡ. ಕಾನೂನು ಒಪ್ಪುವಲ್ಲಿ 9×19 ಮಿ.ಮೀ. ಒಳ್ಳೆಯ ಆಯ್ಕೆ: ಹಿನ್ನೊದೆತ ಹತೋಟಿಯಲ್ಲಿರುತ್ತದೆ, ಅಭ್ಯಾಸದ ಗುಂಡು ಸುಲಭವಾಗಿ ಸಿಗುತ್ತದೆ. ಸ್ಲೈಡ್ ಎಳೆಯಲು ಕೈಬಲ ಸಾಲದವರು .380 ಎಸಿಪಿ ಎಂಬ ಸಣ್ಣ ಕಾಡತೂಸಿನ ಪಿಸ್ತೂಲು ನೋಡಬಹುದು, ಆದರೆ ಅಲ್ಲೊಂದು ಎಚ್ಚರಿಕೆ ಇದೆ. ವಾಲ್ಥರ್ ಪಿಪಿಕೆಯಂಥ ಹಳೆಯ ಬ್ಲೋಬ್ಯಾಕ್ ರಚನೆಯಲ್ಲಿ ನಳಿಕೆಗೂ ಸ್ಲೈಡಿಗೂ ಬೀಗವಿಲ್ಲ. ಎಲ್ಲವನ್ನೂ ಸ್ಪ್ರಿಂಗ್ ಮತ್ತು ಸ್ಲೈಡಿನ ತೂಕವೇ ತಡೆಯಬೇಕು. ಆದ್ದರಿಂದ ಕಾಡತೂಸು ಸಣ್ಣದಾದರೂ ಸ್ಲೈಡ್ ಎಳೆಯಲು ಗಟ್ಟಿ, ಹಿನ್ನೊದೆತ ಚುರುಕು. ಬೀಗ ಬೀಳುವ ನಳಿಕೆಯಿರುವ .380 ಹುಡುಕಿ, ಕೈಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಕೈಗೆ ತೆಗೆದುಕೊಂಡಾಗ

ಮೊದಲು ಖಾಲಿ ಮಾಡಿ. ಮ್ಯಾಗಜಿನ್ ಮೊದಲು ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ. ಈ ಕ್ರಮ ತಿರುಗುಮುರುಗಾದರೆ ಸ್ಲೈಡ್ ಮ್ಯಾಗಜಿನ್ನಿನಿಂದ ಹೊಸ ಕಾಡತೂಸೊಂದನ್ನು ಚೇಂಬರಿಗೆ (ನಳಿಕೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಜಾಗ) ತಳ್ಳುತ್ತದೆ, ನೀವು ಖಾಲಿಯಾಯಿತು ಎಂದುಕೊಂಡಿರುತ್ತೀರಿ. ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಮಾರುವವರು ‘ಖಾಲಿ ಇದೆ’ ಎಂದರೂ ನೋಡಿ.

ಹಿಡಿಯನ್ನು ಆದಷ್ಟು ಮೇಲೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮಧ್ಯಕ್ಕೆ ಬರಬೇಕು. ಎಟುಕಲು ಕೈ ತಿರುಗಿಸಬೇಕಾದರೆ ಆ ಪಿಸ್ತೂಲು ನಿಮಗಲ್ಲ. ಸ್ಲೈಡನ್ನು ಹತ್ತು ಸಲ ಎಳೆದು ನೋಡಿ. ಮೊದಲ ಎರಡು ಸಲ ಎಲ್ಲರಿಗೂ ಆಗುತ್ತದೆ, ಎಂಟನೆಯ ಸಲ ಜಾರಿದರೆ ಅದು ಮುಖ್ಯ. ಮ್ಯಾಗಜಿನ್ ಬಿಡುವ ಗುಂಡಿ, ಸೇಫ್ಟಿ ಇದ್ದರೆ ಅದು, ಎರಡೂ ಹಿಡಿತ ಹೆಚ್ಚು ಬದಲಿಸದೆ ಹೆಬ್ಬೆರಳಿಗೆ ಸಿಗಬೇಕು.

ಮಾರುವವರ ಅನುಮತಿ ಕೇಳಿ, ಸುರಕ್ಷಿತ ದಿಕ್ಕಿಗೆ ತೋರಿಸಿ ಖಾಲಿ ಟ್ರಿಗರ್ ಎಳೆಯಿರಿ. ಎಳೆದದ್ದನ್ನು ಬಿಡದೆ ಹಿಡಿದುಕೊಂಡೇ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಬಿಡಿ. ಸ್ಟ್ರೈಕರ್ ತಾನಾಗಿ ಬೀಳಬಾರದು. ಬೆರಳನ್ನು ನಿಧಾನವಾಗಿ ಮುಂದೆ ಬಿಟ್ಟಾಗ ಸ್ಪಷ್ಟವಾದ ‘ಟಿಕ್’ ಕೇಳಬೇಕು. ಪಿಸ್ತೂಲು ಕೆಳಗೆ ಬಿದ್ದರೆ ಗುಂಡು ಹಾರದಂತೆ ನೋಡಿಕೊಳ್ಳುವ ಒಳಗಿನ ಫೈರಿಂಗ್ ಪಿನ್ ತಡೆ ಇದೆಯೇ ಎಂದು ಕೇಳಿ. ‘1911’ ಎಂಬ ಹಳೆಯ ಮಾದರಿಯ ಹಲವು ಪಿಸ್ತೂಲುಗಳಲ್ಲಿ ಅದು ಇರುವುದಿಲ್ಲ. ಸಿಗ್ ಪಿ320 ಕೆಳಗೆ ಬಿದ್ದಾಗ ಹಾರಬಹುದೆಂಬುದು ಬಯಲಾದ ಮೇಲೆ ಕಂಪನಿ 2017ರಲ್ಲಿ ಉಚಿತ ಮಾರ್ಪಾಡು ಘೋಷಿಸಿತು. ಬಳಸಿದ ಬಂದೂಕು ಕೊಳ್ಳುವಾಗ ಇಂಥ ಮಾರ್ಪಾಡು ಆಗಿದೆಯೇ ಎಂದು ಸರಣಿ ಸಂಖ್ಯೆ ಕೊಟ್ಟು ತಯಾರಕರಲ್ಲೇ ವಿಚಾರಿಸಿ.

ಬಳಸಿದ ಪಿಸ್ತೂಲಿನ ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಕೆ ಉಬ್ಬಿದೆ ಎಂದರ್ಥ, ಬಿಟ್ಟುಬಿಡಿ. ಟ್ರಿಗರ್ ಹಗುರ ಮಾಡಿಸಿದ್ದು, ಸ್ಪ್ರಿಂಗ್ ಬದಲಿಸಿದ್ದು ಕಂಡರೂ ಬೇಡ. ಹಳೆಯ ರಿವಾಲ್ವರಾದರೆ ಹ್ಯಾಮರನ್ನು ಬಹಳ ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಹೊತ್ತಿಗೆ ಸಿಲಿಂಡರ್ ಬೀಗ ಬಿದ್ದಿರಬೇಕು. ಇದನ್ನು ಒಂದೊಂದು ಚೇಂಬರಿಗೂ ಮಾಡಿ. ಸಿಲಿಂಡರ್ ಹಿಂದುಳಿದರೆ ಗುಂಡು ನಳಿಕೆಯ ಅಂಚನ್ನು ಸವರಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ.

ಪರೀಕ್ಷೆ

ಹೊಸ ಪಿಸ್ತೂಲಿನ ಮೇಲಿರುವುದು ಬಹಳ ಸಲ ತುಕ್ಕು ತಡೆಯುವ ಎಣ್ಣೆ, ಓಡಾಟದ ಎಣ್ಣೆಯಲ್ಲ. ಕೈಪಿಡಿಯಂತೆ ಬಿಚ್ಚಿ, ಒರೆಸಿ, ಸ್ಲೈಡಿನ ಹಳಿಗಳಿಗೂ ನಳಿಕೆಯ ಹೊರಮೈಗೂ ತೊಟ್ಟು ಎಣ್ಣೆ ಹಾಕಿ. ಸ್ಟ್ರೈಕರ್ ಓಡುವ ಕೊಳವೆಗೆ ಎಣ್ಣೆ ಬೇಡವೇ ಬೇಡ. ಅಲ್ಲಿ ಎಣ್ಣೆ ಮಸಿ ಸೇರಿ ಅಂಟಾಗುತ್ತದೆ, ಪಿನ್ನಿನ ಹೊಡೆತ ಮೆತ್ತಗಾಗುತ್ತದೆ.

ಎಲ್ಲ ಮ್ಯಾಗಜಿನ್ನುಗಳ ತಳಕ್ಕೆ 1, 2, 3 ಎಂದು ಬರೆಯಿರಿ. ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಮೊದಲು ಸಾಮಾನ್ಯ ಅಭ್ಯಾಸದ ಗುಂಡು 200ರಿಂದ 300 ಹಾರಿಸಿ. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ಅವಧಿ ಇದು, ಒಂದೆರಡು ತಡೆ ಬಂದರೆ ಬರೆದಿಟ್ಟು ಮುಂದುವರಿಯಿರಿ. ಆಮೇಲೆ ನಿಜವಾಗಿ ಒಯ್ಯಲಿರುವ ಕಾಡತೂಸನ್ನೇ, ಅದೇ ತಯಾರಿಕೆ ಅದೇ ತೂಕದ್ದನ್ನೇ, 200 ಹಾರಿಸಿ. ಇಲ್ಲಿ ಒಂದೇ ಒಂದು ತಡೆ ಬಂದರೂ ಕಾರಣ ಹುಡುಕಿ ಸರಿಪಡಿಸಿ, ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿ. ಖರ್ಚು ನೆನೆದು ಇಲ್ಲಿ ಕೈ ಬಿಗಿಹಿಡಿಯುವವರು ಬಹಳ. ಇನ್ನೊಂದು ಹೋಲ್‌ಸ್ಟರಿಗೆ ಹಾಕುವ ಹಣವನ್ನು ಈ ಗುಂಡುಗಳಿಗೆ ಹಾಕಿ.

ಎಲ್ಲವನ್ನೂ ಆರಾಮವಾಗಿ ನಿಂತು, ಎರಡೂ ಕೈಯಲ್ಲಿ ಹಾರಿಸಿದರೆ ಪರೀಕ್ಷೆ ಅರ್ಧವಾಗುತ್ತದೆ. ಒಂದಿಷ್ಟು ಬಲಗೈ ಮಾತ್ರ, ಒಂದಿಷ್ಟು ಎಡಗೈ ಮಾತ್ರ. ಮ್ಯಾಗಜಿನ್ ಪೂರ್ತಿ ತುಂಬಿ ಚೇಂಬರಿನಲ್ಲೂ ಒಂದಿರುವಾಗ ಹಾರುವ ಮೊದಲ ಗುಂಡನ್ನು ವಿಶೇಷವಾಗಿ ಗಮನಿಸಿ. ಒಯ್ಯುವಾಗ ಇರುವ ಸ್ಥಿತಿ ಅದೇ, ಮೇಲಿನ ಕಾಡತೂಸು ಸ್ಲೈಡಿನ ಅಡಿಯನ್ನು ಅತಿ ಹೆಚ್ಚು ಒತ್ತುವುದೂ ಆಗಲೇ. ಕೊನೆಯ ಎರಡು ಗುಂಡುಗಳನ್ನೂ ಗಮನಿಸಿ, ಮ್ಯಾಗಜಿನ್ನಿನ ಸ್ಪ್ರಿಂಗ್ ಅತಿ ಸಡಿಲವಾಗಿರುವುದು ಅಲ್ಲಿ.

ತಡೆ ಬಂದಾಗ ಗಾಬರಿಯಿಂದ ಎಳೆದು ಸರಿಮಾಡುವ ಮೊದಲು ಬೆರಳನ್ನು ಟ್ರಿಗರಿನಿಂದ ತೆಗೆದು, ನಳಿಕೆ ಗುರಿಯ ಕಡೆಗೇ ಇಟ್ಟು, ಒಮ್ಮೆ ನೋಡಿ. ಯಾವ ಬಗೆಯ ತಡೆ ಎಂಬುದರಲ್ಲೇ ಕಾರಣ ಇರುತ್ತದೆ. ಕಾಡತೂಸಿನ ಮೂಗು ಚೇಂಬರಿನ ಇಳಿಜಾರಿಗೆ ಕುಟ್ಟಿ ನಿಂತಿದ್ದರೆ ಮ್ಯಾಗಜಿನ್ನಿನ ತುಟಿ (ಕಾಡತೂಸನ್ನು ಹಿಡಿದಿಡುವ ಮೇಲಂಚು) ಬಗ್ಗಿದೆ, ಅದರ ಸ್ಪ್ರಿಂಗ್ ದಣಿದಿದೆ, ಇಲ್ಲವೇ ಟೊಳ್ಳು ತುದಿಯ ಆ ಗುಂಡಿನ ಅಗಲ ಬಾಯಿ ಈ ಪಿಸ್ತೂಲಿಗೆ ಒಗ್ಗುತ್ತಿಲ್ಲ. ಸ್ಲೈಡ್ ಎರಡು ಮೂರು ಮಿಲಿಮೀಟರ್ ಮುಚ್ಚದೆ ಉಳಿದರೆ ಕೊಳೆ, ಒಣಗಿದ ಹಳಿ ಅಥವಾ ಸ್ಪ್ರಿಂಗ್. ಸ್ಲೈಡನ್ನು ಕೈಯಿಂದ ಮೆಲ್ಲಗೆ ಇಳಿಸಿದಾಗಲೂ ಹೀಗಾಗುತ್ತದೆ, ಎಳೆದು ಬಿಟ್ಟುಬಿಡಬೇಕು. ಖಾಲಿ ಕೇಸ್ ಹೊರಬೀಳದೆ ಕಿಂಡಿಯಲ್ಲಿ ಹೊಗೆಗೊಳವೆಯಂತೆ ನೆಟ್ಟಗೆ ಸಿಕ್ಕಿಕೊಂಡರೆ ಮೊದಲು ಮಣಿಕಟ್ಟನ್ನು ಅನುಮಾನಿಸಿ: ಸಡಿಲ ಕೈ ಹಿನ್ನೊದೆತವನ್ನು ಹೀರಿಕೊಂಡು ಸ್ಲೈಡ್ ಪೂರ್ತಿ ಹಿಂದೆ ಹೋಗದಂತೆ ಮಾಡುತ್ತದೆ. ಗಟ್ಟಿ ಕೈಯವರು ಹಾರಿಸಿದಾಗಲೂ ಹಾಗೇ ಆದರೆ ಕಾಡತೂಸಿನ ಬಲ, ಆಮೇಲೆ ಎಕ್ಸ್‌ಟ್ರ್ಯಾಕ್ಟರ್ (ಖಾಲಿ ಕೇಸನ್ನು ಚೇಂಬರಿನಿಂದ ಎಳೆದು ತೆಗೆಯುವ ಕೊಕ್ಕೆ) ಅನುಮಾನಿಸಿ. ಖಾಲಿ ಕೇಸ್ ಚೇಂಬರಿನಲ್ಲೇ ಉಳಿದು ಹೊಸ ಕಾಡತೂಸು ಅದರ ಬೆನ್ನಿಗೆ ಗುದ್ದಿದ್ದರೆ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ ಮುರಿದಿದೆ ಅಥವಾ ಅದರಡಿ ಕೊಳೆ ತುಂಬಿದೆ.

‘ಟಿಕ್’ ಎಂದು ಸದ್ದಾಗಿ ಹಾರದಿದ್ದರೆ ಅಭ್ಯಾಸದ ಮೈದಾನದಲ್ಲಿ 30 ಸೆಕೆಂಡ್ ಹಾಗೇ ಗುರಿಯ ಕಡೆ ಹಿಡಿದು ಕಾಯಿರಿ, ತಡವಾಗಿ ಸಿಡಿಯುವುದುಂಟು. ಆಮೇಲೆ ಹೊರತೆಗೆದು ಪ್ರೈಮರ್ (ಕಾಡತೂಸಿನ ತಳದಲ್ಲಿ ಪಿನ್ ಹೊಡೆಯುವ ಬಿಲ್ಲೆ) ನೋಡಿ. ಆಳವಾದ ಗುಳಿ ಇದ್ದರೆ ತಪ್ಪು ಕಾಡತೂಸಿನದು, ಮೇಲುಮೇಲಿನ ಗುಳಿಯಾದರೆ ಪಿಸ್ತೂಲಿನದು. ಇನ್ನು ‘ಢಂ’ ಬದಲು ‘ಪುಸ್’ ಎಂಬ ಸಣ್ಣ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಕೆಯ ಮಧ್ಯೆ ಸಿಕ್ಕಿರಬಹುದು, ಅದರ ಹಿಂದೆ ಮತ್ತೊಂದು ಹಾರಿಸಿದರೆ ನಳಿಕೆ ಒಡೆಯಬಹುದು.

ಒಂದೇ ಸಂಖ್ಯೆಯ ಮ್ಯಾಗಜಿನ್ನಿನಲ್ಲಿ ತಡೆ ಮರುಕಳಿಸಿದರೆ ಅದನ್ನು ಒಯ್ಯುವ ಸಾಲಿನಿಂದ ತೆಗೆದುಹಾಕಿ. ಪಿಸ್ತೂಲು ಕೆಟ್ಟದ್ದೆಂದು ಮಾರಿದವರಲ್ಲಿ ಎಷ್ಟೋ ಮಂದಿಗೆ ಬೇಕಿದ್ದದ್ದು ಹೊಸ ಮ್ಯಾಗಜಿನ್ ಮಾತ್ರ.

ಹೋಲ್‌ಸ್ಟರ್

ಗಟ್ಟಿಯಾದದ್ದು, ಆ ಮಾದರಿಗೇ ಅಚ್ಚು ಹಾಕಿದ್ದು, ಟ್ರಿಗರಿನ ಸುತ್ತ ಪೂರ್ತಿ ಮುಚ್ಚುವಂಥದ್ದು. ಈ ಮೂರರಲ್ಲಿ ರಾಜಿ ಇಲ್ಲ. ಪಿಸ್ತೂಲು ಹೊರತೆಗೆದಾಗ ಬಾಯಿ ಮುಚ್ಚಿಕೊಳ್ಳುವ ಮೆತ್ತನೆಯ ಚೀಲ, ಹಳತಾಗಿ ಜೋತುಬಿದ್ದ ತೊಗಲು, ಮರಳಿ ಇಡುವಾಗ ಮಡಚಿಕೊಂಡು ಟ್ರಿಗರಿಗೆ ಸಿಕ್ಕುತ್ತದೆ. ಖಾಲಿ ಪಿಸ್ತೂಲನ್ನು ಅದರಲ್ಲಿಟ್ಟು ತಲೆಕೆಳಗು ಮಾಡಿ ಅಲುಗಿಸಿ, ಬೀಳಬಾರದು. ಬೆಲ್ಟ್ ಕೂಡ ಬಗ್ಗದಂಥದ್ದಿರಲಿ. ಮರಳಿ ಇಡುವಾಗ ಅಂಗಿಯನ್ನು ಇನ್ನೊಂದು ಕೈಯಿಂದ ಎತ್ತಿ, ಕಣ್ಣಿಟ್ಟು, ನಿಧಾನವಾಗಿ ಇಡಿ. ಅಲ್ಲಿ ಅವಸರಕ್ಕೆ ಕಾರಣವೇ ಇಲ್ಲ. ಮೈಮೇಲಿಲ್ಲದ ಹೊತ್ತೆಲ್ಲ ಅದು ಬೀಗದ ಪೆಟ್ಟಿಗೆಯಲ್ಲಿರಬೇಕು, ಮನೆಯಲ್ಲಿ ಮಕ್ಕಳಿರಲಿ ಇಲ್ಲದಿರಲಿ.

ಮೈಗೆ ತಾಗಿರುವ ಬಂದೂಕು ಗುಂಡು ಹಾರಿಸದೆಯೂ ಕೊಳೆಯಾಗುತ್ತದೆ. ಬೆವರು ತಿರುಪುಗಳ ತಲೆಯನ್ನೂ ಗುರಿನೋಟದ ಬುಡವನ್ನೂ ತುಕ್ಕು ಹಿಡಿಸುತ್ತದೆ, ಬಟ್ಟೆಯ ನಾರು ನಳಿಕೆಯ ಬಾಯಿಗೂ ಮ್ಯಾಗಜಿನ್ನಿಗೂ ಸೇರುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ ಒರೆಸಿ. ಆದರೆ ಹಾಗೆ ಖಾಲಿ ಮಾಡಿ ತುಂಬುವಾಗಲೆಲ್ಲ ಅದೇ ಕಾಡತೂಸನ್ನು ಚೇಂಬರಿಗೆ ಹಾಕಬೇಡಿ. ಪ್ರತಿ ಸಲವೂ ಅದರ ಮೂಗು ಇಳಿಜಾರಿಗೆ ಬಡಿದು ಗುಂಡು ಕೇಸಿನೊಳಗೆ ಕೂದಲೆಳೆಯಷ್ಟು ಕುಸಿಯುತ್ತದೆ. ಒಳಗಿನ ಜಾಗ ಕಿರಿದಾದರೆ ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದು ಸಪಾಟಾದ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಹಳೆಯದು ಗಿಡ್ಡವಾಗಿ ಕಂಡರೆ ಅದನ್ನು ಅಭ್ಯಾಸಕ್ಕೂ ಹಾರಿಸದೆ ಬೇರೆಯಿಡಿ.