ಮೊದಲು ಹಕ್ಕಿ ನೋಡಿ, ಆಮೇಲೆ ಪುಸ್ತಕ

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬೆಳಿಗ್ಗೆ ಸುಮ್ನೆ ನಿಂತರೆ ಸಾಕು, ಪಿಕಳಾರ (ಬುಲ್‌ಬುಲ್) ಕಂಡೇ ಕಾಣುತ್ತದೆ. ಹಕ್ಕಿ ಗುರುತಿಸುವ ಕಲಿಕೆ ಅದರಿಂದಲೇ ಶುರು ಮಾಡಿ. ಪುಸ್ತಕ ಚೀಲದಲ್ಲೇ ಇರಲಿ, ಯಾಕೆಂದರೆ ನೀವು ಪುಟ ತಿರುವಿ ತಲೆ ಎತ್ತುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಬಾಲದ ಬುಡದಲ್ಲಿ ಕೆಂಪು ಕಂಡ ಕೂಡಲೇ ಹೆಸರು ಹೇಳಬೇಡಿ. ಇಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಜಾತಿಯ ಪಿಕಳಾರಕ್ಕೂ ಅಲ್ಲಿ ಕೆಂಪು ಇರುತ್ತದೆ. ಜುಟ್ಟು ನೋಡಿ, ಚೂಪಾಗಿ ನೆಟ್ಟಗಿದೆಯಾ? ಕೆನ್ನೆ, ಹೊಟ್ಟೆ ಬೆಳ್ಳಗಿದೆಯಾ? ಹಾಗಿದ್ದರೆ ಅದು ಕೆಮ್ಮೀಸೆ ಪಿಕಳಾರ. ಬೆಳೆದ ಹಕ್ಕಿಯ ಬಿಳಿ ಕೆನ್ನೆಯ ಮೇಲಿರುವ ಸಣ್ಣ ಕೆಂಪು ಮಚ್ಚೆ ಮರಿಗೆ ಇನ್ನೂ ಬಂದಿರುವುದಿಲ್ಲ, ಜಾಸ್ತಿ ಜನ ಎಡವುವುದು ಅಲ್ಲೇ. ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಪುಸ್ತಕ ತೆಗೆಯಿರಿ.

ಹಿಂದೆ ಹಕ್ಕಿ ಗುರುತಿಸುವವರು ಗುಂಡು ಹೊಡೆದು, ಸತ್ತ ಹಕ್ಕಿಯನ್ನು ಕೈಯಲ್ಲಿ ಹಿಡಿದು ಅಳತೆ ತೆಗೆಯುತ್ತಿದ್ದರು. 1934ರಲ್ಲಿ ಅಮೆರಿಕದ ರೋಜರ್ ಟೋರಿ ಪೀಟರ್ಸನ್ ತಮ್ಮ ಪುಸ್ತಕದ ಚಿತ್ರಗಳಲ್ಲಿ ಸಣ್ಣ ಗೆರೆ ಎಳೆದು ಎಲ್ಲಿ ನೋಡಬೇಕು ಅಂತ ತೋರಿಸಿದರು, ದೂರದಿಂದಲೇ ಗುರುತು ಹಿಡಿಯುವುದು ಎಲ್ಲರಿಗೂ ಸುಲಭವಾಯಿತು. 1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಸಲೀಂ ಅಲಿಯವರ ಪುಸ್ತಕ ಬಂತು. ನಮಗೆ ಕನ್ನಡದಲ್ಲೇ 'ಹಕ್ಕಿಪುಕ್ಕ' ಕೊಟ್ಟ ತೇಜಸ್ವಿಯವರು ಇದೇ ಮೂಡಿಗೆರೆಯ ತೋಟದಲ್ಲಿ ಬದುಕಿದವರು. ನಮ್ಮೂರಿನ ಹೆಸರಿನಲ್ಲೇ ಹಕ್ಕಿ ಕರೆಯುವ ಖುಷಿಯೇ ಬೇರೆ ಅಲ್ವಾ?

ಗುರುತು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ದಿನಾಂಕ, ಜಾಗ, ಎಷ್ಟು ಹೊತ್ತು ನೋಡಿದಿರಿ, ಎಷ್ಟು ಹಕ್ಕಿ ಕಂಡವು, ಎಲ್ಲ ಸೇರಿಸಿ ಇಬರ್ಡ್‌ಗೆ (ಹಕ್ಕಿ ನೋಡಿದ ಪಟ್ಟಿ ಹಾಕುವ ಜಾಲತಾಣ, eBird) ಹಾಕಿ. ಕಾಗೆ, ಮೈನಾ ಬಿಡಬೇಡಿ. ಹೀಗೆ 30,000ಕ್ಕೂ ಹೆಚ್ಚು ಜನ ಹಾಕಿದ ಪಟ್ಟಿಗಳಿಂದಲೇ 2023ರ ದೇಶದ ಹಕ್ಕಿಗಳ ವರದಿ 942 ಜಾತಿಗಳ ಸ್ಥಿತಿ ಅಳೆಯಿತು. ನಮ್ಮ ರಾಜ್ಯದ ಹಕ್ಕಿ ನೀಲಕಂಠ ಕಡಿಮೆಯಾಗುತ್ತಿದೆ ಅಂತ ತಿಳಿದದ್ದೂ ಹಾಗೆಯೇ. ಗೊತ್ತಾಗದ ಹಕ್ಕಿಗೆ ಊಹೆಯ ಹೆಸರು ಮಾತ್ರ ಹಾಕಬೇಡಿ, ಬರೀ 'ಪಿಕಳಾರ' ಅಂತ ಬರೆದರೂ ನಡೆಯುತ್ತದೆ.

ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ನಡುಗಡ್ಡೆಗಳ ಬರೀ ನೆಲದ ಮೇಲೆ ರಿವರ್ ಟರ್ನ್ ಎಂಬ ನೀರುಹಕ್ಕಿಗಳು ಮೊಟ್ಟೆ ಇಡುತ್ತವೆ. ಫೋಟೋ ಆಸೆಗೆ ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ, ಮೊಟ್ಟೆ ಬಿಸಿಲಿಗೆ ಬಿದ್ದು ಬೇಯುತ್ತದೆ. ಅಲ್ಲಿ ದೂರದಲ್ಲೇ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿ ಎಣಿಸಿ.