4×4ಕ್ಕೆ ಯೌ, 7×7ಕ್ಕೆ ರಿಡಕ್ಷನ್

ದೊಡ್ಡ ರೂಬಿಕ್ ಕ್ಯೂಬ್ ಬಿಡಿಸಲು ರಿಡಕ್ಷನ್ ಎಲ್ಲರಿಗೂ ಗೊತ್ತಿರುವ ದಾರಿ: ಮೊದಲು ಆರು ಸೆಂಟರ್ (ಮುಖದ ನಡುವಿನ ತುಂಡುಗಳ ಗುಂಪು), ಆಮೇಲೆ ಹನ್ನೆರಡು ಎಡ್ಜ್ (ಎರಡು ಮುಖ ಕೂಡುವ ಅಂಚಿನ ತುಂಡುಗಳ ಗುಂಪು), ಉಳಿದದ್ದು ಸಾಮಾನ್ಯ 3×3 ಬಿಡಿಸಿದಂತೆ. ಆದರೆ 4×4ರಲ್ಲಿ ಎಡ್ಜ್ ಹುಡುಕಲು ಕ್ಯೂಬನ್ನು ಹೊರಳಿಸುತ್ತಲೇ ಇರಬೇಕು. ಸಮಯ ಸೋರುವುದು ಅಲ್ಲೇ.

ಯೌ ವಿಧಾನದಲ್ಲಿ ಬಿಳಿ, ಹಳದಿ ಸೆಂಟರ್ ಮುಗಿಸಿ ಬಿಳಿಯನ್ನು ಎಡಕ್ಕೆ ಹಿಡಿಯಿರಿ. ಬಿಳಿ ಸೆಂಟರಿನ ಸುತ್ತ ನಾಲ್ಕು ಬಿಳಿ ಎಡ್ಜ್ ಕೂತರೆ ಅದು ಕ್ರಾಸ್; ಅದರಲ್ಲಿ ಮೂರು ಎಡ್ಜ್ ಜೋಡಿಸಿ ಅಲ್ಲಿ ಕೂರಿಸಿ. ನಾಲ್ಕನೆಯದರ ಖಾಲಿ ಜಾಗ ಮೇಲಿರಲಿ. ಮಿಕ್ಕ ನಾಲ್ಕು ಸೆಂಟರ್‌ಗೆ ಬಲಗಡೆಯ ಪದರಗಳು ಮತ್ತು ಮೇಲ್ಮುಖವಷ್ಟೇ ಸಾಕು. ಮೇಲ್ಮುಖ ತಿರುಗಿಸಿದರೂ ಕ್ರಾಸ್ ಕೆಡದಿರುವುದು ಆ ಖಾಲಿ ಜಾಗದಿಂದಲೇ.

ಹೊಸಬರು ಎಡವುವುದು ಬಣ್ಣದ ಕ್ರಮದಲ್ಲಿ. 4×4ರಲ್ಲಿ ಅಲುಗಾಡದ ಸೆಂಟರ್ ಇಲ್ಲ. ಬಿಳಿ ಮೇಲಿಟ್ಟು ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ಹಸಿರು, ಕೇಸರಿ, ನೀಲಿ, ಕೆಂಪು ಬರಬೇಕು. ಅನುಮಾನ ಬಂದರೆ ಮೂಲೆ ತುಂಡಿನ ಬಣ್ಣ ನೋಡಿ, ಅದು ಸುಳ್ಳು ಹೇಳುವುದಿಲ್ಲ.

ನಾಲ್ಕನೇ ಕ್ರಾಸ್ ಎಡ್ಜ್ ಸೇರಿಸಿ ಬಿಳಿಯನ್ನು ಕೆಳಗಿಡಿ. ಉಳಿದ ಎಂಟು ಎಡ್ಜ್‌ಗೆ 3-2-3: ಮೊದಲ ಸ್ಲೈಸಿನಲ್ಲಿ (ಒಳಪದರದ ತಿರುವು) ಮೂರು, ಎರಡನೆಯದರಲ್ಲಿ ಎರಡು, ಕೊನೆಗೆ ಮೂರು. ಕೆಳಗೆ ಇಣುಕುವ ಗೋಜೇ ಇಲ್ಲ. ಎದುರು-ಬಲದ ಎಡ್ಜ್ ಉಲ್ಟಾ ಮಾಡಲು: ಆರ್, ಯು, ಆರ್ ಹಿಮ್ಮುಖ, ಎಫ್, ಆರ್ ಹಿಮ್ಮುಖ, ಎಫ್ ಹಿಮ್ಮುಖ, ಆರ್ (ಆರ್ ಬಲಮುಖ, ಯು ಮೇಲ್ಮುಖ, ಎಫ್ ಎದುರುಮುಖ; ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಹಿಮ್ಮುಖವೆಂದರೆ ಅದರ ವಿರುದ್ಧ). ನಡುಪಟ್ಟಿಯ ಉಳಿದ ಮೂರು ಎಡ್ಜ್, ಕ್ರಾಸ್ ಎರಡೂ ಹಾಗೇ ಇರುತ್ತವೆ.

ಹೋಯಾ ಎಂಬ ಇನ್ನೊಂದು ವಿಧಾನದಲ್ಲಿ ನಾಲ್ಕು ಸೆಂಟರ್, ಪೂರ್ತಿ ಕ್ರಾಸ್, ಆಮೇಲೆ ಕೊನೆಯ ಎರಡು ಸೆಂಟರ್. ಚೆನ್ನಾಗಿದೆ, ಆದರೆ ಯೌಗೆ ಕೈ ಪಳಗಿದ್ದರೆ ಬದಲಿಸುವಷ್ಟು ಲಾಭವಿಲ್ಲ.

7×7ರ ಕತೆಯೇ ಬೇರೆ. ಮುಖವೊಂದಕ್ಕೆ 25 ಸೆಂಟರ್ ತುಂಡು, ಎಡ್ಜಿಗೆ 5. ಹೆಚ್ಚಿನ ಸಮಯ ನುಂಗುವುದೇ ಸೆಂಟರ್. ಅಲ್ಲಿ ಕ್ರಾಸ್ ಕಾಯುತ್ತ ಕೂತರೆ ಕೈ ಕಟ್ಟಿಹಾಕಿದಂತೆ. ಹಾಗಾಗಿ ರಿಡಕ್ಷನ್, ಜೊತೆಗೆ ಫ್ರೀಸ್ಲೈಸ್: ಸೆಂಟರ್ ಸಾಲು ಕದಲಿದರೂ ಪ್ರತಿಸಲ ಸರಿಪಡಿಸಬೇಡಿ. ಮುಗಿದ ಎಡ್ಜ್‌ಗಳನ್ನು ಮೇಲೆ ನಾಲ್ಕು, ಕೆಳಗೆ ನಾಲ್ಕು ಕೂಡಿಡಿ. ಆಮೇಲೆ ಸೆಂಟರ್ ಸರಿಮಾಡಿ ಕೊನೆಯ ನಾಲ್ಕಕ್ಕೆ ಕೈ ಹಾಕಿ. 5×5ಕ್ಕೆ ಯೌ, ರಿಡಕ್ಷನ್ ಎರಡೂ ನಡೆಯುತ್ತದೆ.

ಇನ್ನು ಪ್ಯಾರಿಟಿ, ಅಂದರೆ 3×3ರಲ್ಲಿ ಬರಲಾರದ ಸ್ಥಿತಿ. ಒಳಪದರದ ಕಾಲು ಸುತ್ತು ನಾಲ್ಕು ಎಡ್ಜ್ ತುಂಡುಗಳನ್ನು ಸುತ್ತಿಸುತ್ತದೆ, ಅಂದರೆ ಮೂರು ಅದಲುಬದಲು. ಈ ಬೆಸ ಲೆಕ್ಕದಿಂದಲೇ 4×4ರಲ್ಲಿ ಎರಡಕ್ಕೊಂದು ಸಲ ಒಂಟಿ ಎಡ್ಜ್ ಉಲ್ಟಾ ಬರುತ್ತದೆ. ಎರಡು ಎಡ್ಜ್ ಅದಲುಬದಲಾಗುವುದು ಬೇರೆ ಪ್ಯಾರಿಟಿ. 5×5ರಲ್ಲಿ ಅದು ಬರುವುದಿಲ್ಲ. 4×4ರಲ್ಲಿ ಈ ಎರಡನೆಯ ಪ್ಯಾರಿಟಿಗೆ ಮದ್ದು: ಬಲದ ಒಳಪದರ, ಮೇಲ್ಮುಖ, ಬಲದ ಒಳಪದರ, ಮೇಲಿನ ಎರಡು ಪದರ, ಬಲದ ಒಳಪದರ, ಮೇಲಿನ ಎರಡು ಪದರ. ಎಲ್ಲವೂ ಅರ್ಧ ಸುತ್ತು.